ಸ್ವಾಮಿಗೌಡರ ಕಣ್ಣು ತೆರೆದ ಪಿತೃಪಕ್ಷ

ಮೊನ್ನೆ ಶ್ರಾವಣದಲ್ಲಿ ಪಿರಿಯಾಪಟ್ಟಣದ ಕಡೆ ಒಂದು ನಾಮಕರಣಕ್ಕೆ ಹೊರಟಿದ್ದೆ. ಬಸ್ಸು ರಾವಂದೂರಿಗೆ ಹತ್ತಿರವಾಗುತ್ತಿದ್ದಂತೆ ಕಿಟಕಿಯಿಂದ ಆ ವಾಸನೆ ನುಗ್ಗಿತು. ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಬಿಸಿ ಗೂಡಿನಲ್ಲಿ, ಹೊಗೆಸೊಪ್ಪು ಬೇಯುವ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ಘಾಟು, ಬಿಸಿ ಬಿಸಿ. ನಾನೀಗ ಇರುವ ಕೃಷ್ಣರಾಜನಗರದಲ್ಲಿ ಆಲೆಮನೆಯ ವಾಸನೆ ಇದೆ, ಗದ್ದೆಯ ಕೆಸರಿನ ವಾಸನೆ ಇದೆ, ಇದು ಮಾತ್ರ ಇಲ್ಲ. ಮೂಗಿಗೆ ಬಿದ್ದ ಕೂಡಲೇ ಕೂತಲ್ಲೇ ಬೆಚ್ಚಿಬಿದ್ದೆ. ಆಮೇಲೆ ಒಬ್ಬಳೇ ನಗತೊಡಗಿದೆ. ಪಕ್ಕದ ಸೀಟಿನ ಹೆಂಗಸು ಬ್ಯಾಗನ್ನು ತನ್ನ ಕಡೆ ಎಳೆದುಕೊಂಡರು.

ಬೆಚ್ಚುವುದು ನನ್ನ ಹುಟ್ಟುಗುಣ. ಕುಕ್ಕರ್ ಕೂಗಿದರೂ ಎದೆ ಹಿಡಿದುಕೊಳ್ಳುತ್ತೇನೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಆದರೆ ರಾವಂದೂರಿನಲ್ಲಿ ಕಳೆದ ಆ ಒಂದು ಮಳೆಗಾಲ ಇದೆಯಲ್ಲ, ಅದರಲ್ಲಿ ನಾನು ಬೆಚ್ಚಿದಷ್ಟು ಸಲ ಜನ್ಮದಲ್ಲಿ ಬೆಚ್ಚಿಲ್ಲ. ಅಷ್ಟಕ್ಕೂ ಕಾರಣ ಒಂದು ಕಂಪ್ಯೂಟರು ಎಂದರೆ ನೀವು ನಂಬಬೇಕು.

ಆಗ ನನ್ನ ಅಂಗಡಿ ರಾವಂದೂರಿನ ಬಸ್ಸು ನಿಲ್ಲುವ ಜಾಗದ ಎದುರಿಗಿತ್ತು. ಜೆರಾಕ್ಸು, ಲ್ಯಾಮಿನೇಷನ್ನು, ಪಾಸ್‌ಪೋರ್ಟ್ ಸೈಜಿನ ಫೋಟೊ, ಲಗ್ನಪತ್ರಿಕೆ, ಫೋಟೊ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡುವುದು, ಇಷ್ಟು ಕೆಲಸ. ಕಂಪ್ಯೂಟರು ಮೈಸೂರಿನ ಯಾವುದೋ ಆಫೀಸು ಬೇಡವೆಂದು ಬಿಸಾಕಿದ್ದು. ಅದರೊಳಗಿದ್ದದ್ದು ಎಲ್ಲರ ಅಂಗಡಿಯಲ್ಲೂ ಇರುವ ಸಿಸ್ಟಮ್ಮಿನ ಕಳ್ಳ ಕಾಪಿ. ಅದನ್ನು ಹಾಕಿಕೊಟ್ಟವನು ಪರಮೇಶ. ಪರಮೇಶ ನನ್ನ ಚಿಕ್ಕಪ್ಪನ ಮಗ, ಪಿರಿಯಾಪಟ್ಟಣದಲ್ಲಿ ದೊಡ್ಡ ಸ್ಟುಡಿಯೊ ಇಟ್ಟವನು. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಬಾಯಿ ಮಾತ್ರ ನಮ್ಮಿಬ್ಬರದೂ ಸರಿಸಮ.

ಮಳೆಗಾಲ ಶುರುವಾದರೆ ಊರಿಗೆ ಜ್ವರ ಬರುವ ಹಾಗೆ ನನ್ನ ಕಂಪ್ಯೂಟರಿಗೆ ವೈರಸ್ಸು ಬರುತ್ತಿತ್ತು. ಶಾಲೆ ಶುರುವಾಗುವ ಕಾಲ, ಯಾರ್ಯಾರದೋ ಪೆನ್‌ಡ್ರೈವು, ಯಾರ್ಯಾರದೋ ಫೋನಿನ ಮೆಮೊರಿ ಚಿಪ್ಪು. ಪ್ರತಿ ಸಲವೂ ಪರಮೇಶನಿಗೆ ಫೋನು, ಪ್ರತಿ ಸಲವೂ ಅವನ ಉಪದೇಶ. ಆ ವರ್ಷ ಜುಲೈಯಲ್ಲಿ ಮಳೆ ಹಿಡಿದು ಕೂತಿದ್ದ ಒಂದು ಬೆಳಿಗ್ಗೆ ಬಟನ್ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನೋ ಬಂದು ನಿಂತಿತು. ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ಒಳಗಿದ್ದ ಲಗ್ನಪತ್ರಿಕೆ, ಫೋಟೊ, ಎಲ್ಲ ಹೋಯಿತು ಎಂದು ನಾನು ತಲೆಯ ಮೇಲೆ ಕೈ ಹೊತ್ತು ಕೂತೆ.

ಆಗ ಅಂಗಡಿಗೆ ಬಂದವರು ಶೈಲಜಾ ಮೇಡಂ. ಹುಣಸೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಗಣಿತದ ಟೀಚರು. ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಲು ಬರುತ್ತಿದ್ದರು. ನನ್ನ ಮುಖ ನೋಡಿ ಬ್ಯಾಗಿನಿಂದ ಒಂದು ಪೆನ್‌ಡ್ರೈವ್ ತೆಗೆದರು.

"ಇದನ್ನ ಹಾಕಿ ನೋಡೋಣ ಮಂಗಳಾ. ಇದರಲ್ಲಿ ಲಿನಕ್ಸ್ ಇದೆ."

"ಅದೇನು ಮೇಡಂ?"

"ಇದೂ ಒಂದು ಸಿಸ್ಟಮ್ಮೇ. ನಾನು ಮನೇಲಿ ಇದನ್ನೇ ಇಟ್ಕೊಂಡಿರೋದು. ಇದಕ್ಕೆ ದುಡ್ಡಿಲ್ಲ."

"ಪುಕ್ಕಟೆಯಾ? ಯಾರು ಕೊಡ್ತಾರೆ ಪುಕ್ಕಟೆ?"

"ಯಾರ್ಯಾರೋ ಸೇರಿ ಮಾಡಿದ್ದು. ಒಂದೊಂದು ದೇಶದಲ್ಲಿ ಒಬ್ಬೊಬ್ಬರು. ಹೇಗೆ ಮಾಡಿದೀವಿ ಅನ್ನೋದನ್ನೂ ಬಚ್ಚಿಡದೆ ಎಲ್ಲರ ಮುಂದೆ ಇಟ್ಟಿದ್ದಾರೆ. ಬೇಕಾದವರು ತಗೋಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು."

ನನಗೆ ಮೊದಲನೆಯ ಆಘಾತ ಅಲ್ಲೇ ಆಯಿತು. ನಮ್ಮ ಕಡೆ ಪುಕ್ಕಟೆ ಕೊಟ್ಟ ವಸ್ತುವನ್ನು ಮೊದಲು ತಿರುಗಿಸಿ ನೋಡುತ್ತೇವೆ, ಎಲ್ಲಿ ಒಡೆದಿದೆ ಎಂದು. ಎರಡನೆಯದು ಸ್ವಲ್ಪ ಹೊತ್ತಿಗೇ ಆಯಿತು. ಸತ್ತೇ ಹೋಯಿತೆಂದು ನಾನು ಅಳುತ್ತಿದ್ದ ಕಂಪ್ಯೂಟರು ಆ ಪೆನ್‌ಡ್ರೈವ್ ಚುಚ್ಚಿದ್ದೇ ತಡ ಕಣ್ಣು ಬಿಟ್ಟಿತು. ಒಳಗೇನೂ ಹಾಕಿಲ್ಲ, ಬರೀ ಪೆನ್‌ಡ್ರೈವಿನಿಂದಲೇ ನಡೆಯುತ್ತಿದೆ! ಹಳೆಯ ಡಿಸ್ಕು ತೆರೆದರೆ ನನ್ನ ಲಗ್ನಪತ್ರಿಕೆಗಳು, ಫೋಟೊಗಳು ಇದ್ದ ಹಾಗೇ ಕೂತಿವೆ. ನಾನು ಎದೆ ಹಿಡಿದುಕೊಂಡೆ. ಮೇಡಂ ಗಾಬರಿಯಾಗಿ ನೀರು ಕುಡಿಸಿದರು.

ಅವತ್ತೇ ಎಲ್ಲ ಫೋಟೊ ಬೇರೆ ಕಡೆ ತೆಗೆದಿಟ್ಟು ಲಿನಕ್ಸ್ ಮಿಂಟ್ ಎನ್ನುವುದನ್ನು ಪೂರ್ತಿಯಾಗಿ ಹಾಕಿಸಿಕೊಂಡೆ. ಕೂತರೆ ಏಳದ, ಎದ್ದರೆ ಕೂರದ ಆ ಹಳೆಯ ಡಬ್ಬ ಹೊಸ ಸೊಸೆಯ ಹಾಗೆ ಚುರುಕಾಗಿ ಓಡಾಡತೊಡಗಿತು. ಕನ್ನಡದ ಕೀಬೋರ್ಡು ಒಳಗೇ ಇತ್ತು. ಫೋಟೊ ತಿದ್ದಲು ಗಿಂಪ್ ಎನ್ನುವುದು ಇತ್ತು. ಅದೂ ಪುಕ್ಕಟೆ.

ಎಲ್ಲ ಸಲೀಸಾಯಿತು ಎಂದರೆ ಸುಳ್ಳಾಗುತ್ತದೆ. ಹಳೆಯ ಫಾಂಟಿನಲ್ಲಿ ಮಾಡಿಟ್ಟಿದ್ದ ಲಗ್ನಪತ್ರಿಕೆಗಳು ಅಕ್ಷರ ಅಕ್ಷರ ಚೂರಾಗಿ ಕಂಡವು, ಅವನ್ನೆಲ್ಲ ಕೂತು ಮತ್ತೆ ಟೈಪು ಮಾಡಿದೆ. ಪ್ರಿಂಟರು ಹಟ ಹಿಡಿಯಿತು. ಮೇಡಂ ಹೇಳಿಕೊಟ್ಟ ಹಾಗೆ ಇಂಟರ್ನೆಟ್ಟಿನಲ್ಲಿ ನನ್ನ ಹರಕು ಇಂಗ್ಲಿಷಿನಲ್ಲಿ ಕಷ್ಟ ಬರೆದುಕೊಂಡೆ. ಅಂಗಡಿ ಬಾಗಿಲು ಹಾಕುವುದರೊಳಗೆ ಯಾರೋ ಪುಣ್ಯಾತ್ಮರು, ಹೆಸರಿಲ್ಲ, ಊರಿಲ್ಲ, ಹೀಗೆ ಹೀಗೆ ಮಾಡಿ ಎಂದು ಉತ್ತರ ಬರೆದಿದ್ದರು. ಮಾಡಿದೆ. ಪ್ರಿಂಟರು ಗರಗರ ಎಂದಿತು. ಆ ಪುಣ್ಯಾತ್ಮರಿಗೆ ನನ್ನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ಬರೆದರು. ಅದನ್ನು ನೆನೆದರೆ ಈಗಲೂ ನನಗೆ ಬೆರಗು.

ನನ್ನ ಗಿರಾಕಿಗಳಲ್ಲಿ ಇದನ್ನು ಕೂಡಲೇ ಅರ್ಥ ಮಾಡಿಕೊಂಡವರು ಪುಟ್ಟಮ್ಮ ಒಬ್ಬರೇ. ಹತ್ತಿರದ ಹಳ್ಳಿಯವರು. ಪಿಂಚಣಿಯ ಜೆರಾಕ್ಸಿಗೆ ಬಂದಾಗ ನಾನು ಉತ್ಸಾಹದಲ್ಲಿ ನನ್ನ ಹೊಸ ಸಿಸ್ಟಮ್ಮಿನ ಕತೆ ಹೇಳಿದೆ. ಅವರು ಎಲೆಅಡಿಕೆ ಮೆಲ್ಲುತ್ತ ಕೇಳಿದರು.

"ಅಂಗಾರೆ ಮುಯ್ಯಾಳು ಇದ್ದಂಗೆ ಅನ್ನು. ಇವತ್ತು ನಮ್ ಸೊಪ್ಪು ಕಟ್ಟಕ್ಕೆ ನೀವ್ ಬರ್ತೀರಿ, ನಾಳೆ ನಿಮ್ ಸೊಪ್ಪಿಗೆ ನಾವ್ ಬತ್ತೀವಿ. ಕೂಲಿ ಯಾರ್ ಕೇಳ್ತಾರೆ?"

ಮೇಡಂ ಇದನ್ನು ಕೇಳಿ, ತಾವು ಇಷ್ಟು ವರ್ಷ ಯಾರಿಗೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಎಂದು ನಕ್ಕರು.

ಪರಮೇಶನಿಗೆ ಮಾತ್ರ ಹಿಡಿಸಲಿಲ್ಲ. "ಅದು ಬಡವರ ಕಂಪ್ಯೂಟ್ರು ಕಣಕ್ಕ. ಪಿತೃಪಕ್ಷ ಬರ್ಲಿ, ಫೋಟೊ ಕೆಲ್ಸ ರಾಶಿ ಬಿದ್ದಾಗ ಕೈ ಕೊಡ್ತದೆ ನೋಡು. ಆಗ ನನ್ನತ್ರ ಬಾ, ಮಾಡ್ಕೊಡ್ತೀನಿ."

"ಬತ್ತೀನಿ ಬುಡು," ಎಂದೆ. ಬಾಯಲ್ಲಿ ಹಾಗೆಂದರೂ ಒಳಗೊಳಗೆ ಪುಕುಪುಕು.

ಪಿತೃಪಕ್ಷ ಎಂದರೆ ನಮ್ಮ ಕಡೆಯ ಫೋಟೊ ಅಂಗಡಿಗಳಿಗೆ ಸುಗ್ಗಿ. ಮಹಾಲಯ ಅಮಾವಾಸ್ಯೆಗೆ ಪ್ರತಿ ಮನೆಯಲ್ಲೂ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರ ಫೋಟೊಗೆ ಹಾರ ಹಾಕಿ ಅದರ ಮುಂದೆ ಹೊಸ ಬಟ್ಟೆ, ಮಾಂಸದ ಸಾರು, ಮುದ್ದೆ, ವಡೆ, ಅವರು ಸೇದುತ್ತಿದ್ದರೆ ಬೀಡಿ, ಕುಡಿಯುತ್ತಿದ್ದರೆ ಅದೂ. ಆ ವರ್ಷ ತೀರಿಕೊಂಡವರಿಗೆ ಅದು ಮೊದಲ ಎಡೆ, ಅವರ ಫೋಟೊ ಹೊಸದಾಗಿ ಆಗಬೇಕು. ಬದುಕಿರುವಾಗ ಯಾರು ಫೋಟೊ ತೆಗೆಸಿಕೊಂಡಿರುತ್ತಾರೆ? ಹೆಣವನ್ನು ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿ ತೆಗೆದ ಕೊನೆಯ ಫೋಟೊವನ್ನೇ ಎಷ್ಟೋ ಜನ ತರುತ್ತಾರೆ. ಮೂಗಿನ ಹತ್ತಿ ತೆಗೆಯಬೇಕು, ಹಿಂದೆ ನಿಂತು ಅಳುವವರನ್ನು ತೆಗೆಯಬೇಕು, ಪಂಚೆಯ ಬದಲು ಕೋಟು ಹಾಕಬೇಕು. ಕೊನೆಗೆ ಎಲ್ಲರೂ ಕೇಳುವುದು ಒಂದೇ, "ಅಂಗೇ ಕಣ್ ತೆಗ್ಸಿಬುಡವ್ವ." ಹಳೆಯ ಫೋಟೊ ಏನಾದರೂ ಇದ್ದರೆ ಅದರ ಕಣ್ಣು ತಂದು ಕೂರಿಸುತ್ತೇನೆ. ಇಲ್ಲದವರಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸುತ್ತೇನೆ. ಅಂಥವರು ಪರಮೇಶನ ಹತ್ತಿರ ಹೋಗುತ್ತಿದ್ದರು.

ನನ್ನನ್ನು ಕೇಳದೆ ನೇರ ಅವನ ಹತ್ತಿರ ಹೋಗಿ ಬಂದವರಲ್ಲಿ ಪುಟ್ಟಮ್ಮನೂ ಒಬ್ಬರು ಎಂದು ನನಗೆ ಗೊತ್ತಿರಲಿಲ್ಲ. ಅಮಾವಾಸ್ಯೆ ಹತ್ತಿರ ಬಂದಿತ್ತು. ಬ್ಯಾರನ್ನುಗಳೆಲ್ಲ ಉರಿಯುತ್ತಿದ್ದವು, ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು, ಊರಿಗೆ ಊರೇ ಆ ವಾಸನೆಯಲ್ಲಿ ಮುಳುಗಿತ್ತು. ಪುಟ್ಟಮ್ಮ ಒಂದು ಕಟ್ಟು ಹಾಕಿದ ಫೋಟೊವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ನೆನೆದಿದ್ದರು. ಮುಖದಲ್ಲಿ ಬಣ್ಣವಿರಲಿಲ್ಲ. ಸೀರೆ ಬಿಚ್ಚಿ ಫೋಟೊವನ್ನು ನನ್ನ ಟೇಬಲ್ಲಿನ ಮೇಲಿಟ್ಟು ತಾವು ಬೇರೆ ಕಡೆ ತಿರುಗಿ ನಿಂತರು.

ಅವರ ಗಂಡ ಸ್ವಾಮಿಗೌಡರು. ಯುಗಾದಿಯ ಹಿಂದೆಮುಂದೆ ತೀರಿಕೊಂಡಿದ್ದರು. ಫೋಟೊದಲ್ಲಿ ಕೋಟು ಹಾಕಿ ಕೂತಿದ್ದಾರೆ, ಹಿಂದೆ ಯಾವುದೋ ಜಲಪಾತ. ಕಣ್ಣು ತೆರೆದಿದೆ. ಪರಮೇಶನ ಕೈಚಳಕ ಚೆನ್ನಾಗಿಯೇ ಇತ್ತು.

"ಚೆನ್ನಾಗೈತಲ್ಲ ಅಕ್ಕ?" ಎಂದೆ.

"ಕಣ್ ನೋಡವ್ವ."

ನೋಡಿದೆ. ಏನೂ ತಿಳಿಯಲಿಲ್ಲ.

"ಅದು ನಮ್ಮೋರ್ ಕಣ್ಣಲ್ಲ. ನಮ್ ಬಾವನ ಕಣ್ಣು ಕಣವ್ವ ಅದು!"

ನನ್ನ ಮೈ ಜುಮ್ಮೆಂದಿತು. ಆ ಬಾವ, ಅಂದರೆ ಸ್ವಾಮಿಗೌಡರ ಅಣ್ಣ ಕರೀಗೌಡರು, ನನಗೂ ಗೊತ್ತು. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಪಾಲಾದರು, ಜಮೀನು ಸಲೀಸಾಗಿ ಹಂಚಿಹೋಯಿತು, ಬ್ಯಾರನ್ನು ಮಾತ್ರ ಹಂಚಲಾಗಲಿಲ್ಲ. ಒಂದೇ ಬ್ಯಾರನ್ನು, ಇಬ್ಬರ ಸೊಪ್ಪೂ ಒಂದೇ ಕಾಲಕ್ಕೆ ಹಣ್ಣಾಗುತ್ತದೆ. ಯಾರದು ಮೊದಲು ಬೇಯಬೇಕು ಎಂದು ಶುರುವಾದ ಮಾತು ಒಂದೇ ಬೀದಿಯಲ್ಲಿ ಎದುರುಬದುರು ಬಂದರೂ ಮುಖ ತಿರುಗಿಸುವ ತನಕ ಹೋಗಿತ್ತು. ತಮ್ಮನನ್ನು ಮಣ್ಣು ಮಾಡುವ ದಿನವೂ ಕರೀಗೌಡರು ದೂರದ ಹೊಂಗೆಮರದ ಕೆಳಗೆ ನಿಂತಿದ್ದು, ಹಾಗೇ ಹೊರಟುಹೋಗಿದ್ದರಂತೆ.

ಪರಮೇಶನಿಗೆ ಫೋನು ಹಚ್ಚಿದೆ. ಅವನು ಸ್ವಲ್ಪವೂ ಅಳುಕಲಿಲ್ಲ.

"ಹೂಂ ಕಣಕ್ಕ. ಅವ್ರಣ್ಣ ಯಾವ್ದೋ ಅರ್ಜಿಗೆ ಫೋಟೊ ತೆಗ್ಸಿದ್ರಲ್ಲ, ಸಿಸ್ಟಮ್ಮಲ್ಲೇ ಇತ್ತು. ಅಣ್ಣತಮ್ಮಂದ್ರ ಕಣ್ಣು ಒಂದೇ ತರ ಇರ್ತವೆ ಅಂತ ಅದ್ನೇ ಕೂರಿಸ್ದೆ. ಬೇರೆ ಯಾರ್ದೋ ಹಾಕೋಕಿಂತ ವಾಸಿ ತಾನೆ?"

ಯಾರಾದರೂ ಕೇಳಿದ್ದೀರಾ ಇಂಥದ್ದು? ನನಗೆ ಬೈಯಲು ಬಾಯೇ ಬರಲಿಲ್ಲ. ಯಾಕೆಂದರೆ ಯೋಚಿಸಿ ನೋಡಿದರೆ ಅವನು ಹೇಳಿದ್ದರಲ್ಲಿ ನ್ಯಾಯವೂ ಇತ್ತು.

ಪುಟ್ಟಮ್ಮನಿಗೆ ಆ ನ್ಯಾಯ ಬೇಕಿರಲಿಲ್ಲ. ಸ್ಟೂಲಿನ ಮೇಲೆ ಕುಸಿದರು. "ನಾ ಎಂಗವ್ವ ಇದರ್ ಮುಂದೆ ಎಡೆ ಮಡಗ್ಲಿ? ನಮ್ಮೋರ್ಗೆ ಮಡಗಿದ್ ಅನ್ನ ಇನ್ನೊಬ್ರು ದಿಟ್ಟಿಸ್ತಾ ಕುಂತಂಗಾಯ್ತದೆ. ಇದ್ರೆ ಅವ್ರ್ ಕಣ್ಣಿರ್ಬೇಕು. ಇಲ್ದಿದ್ರೆ ಈ ಸಲ ಎಡೇನೇ ಬ್ಯಾಡ." ಮೊದಲ ವರ್ಷದ ಎಡೆ ತಪ್ಪಿಸಿದರೆ ಸತ್ತವರು ಬಾಗಿಲ ತನಕ ಬಂದು ಹಸಿದು ಹೋಗುತ್ತಾರೆ ಎಂದು ನಂಬಿದ ಜೀವ ಅದು.

ಬೇರೆ ಫೋಟೊ ಇಲ್ಲವೇ ಎಂದು ಕೇಳಿದೆ. ಸ್ವಾಮಿಗೌಡರಿಗೆ ಫೋಟೊ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಎಂಬ ಭಯ ಚಿಕ್ಕಂದಿನಿಂದ. ಕ್ಯಾಮರಾ ಕಂಡರೆ ಟವಲ್ಲು ಮುಖಕ್ಕೆ ಬರುತ್ತಿತ್ತು. ಮದುವೆಯ ಫೋಟೊದಲ್ಲಿ ಬಾಸಿಂಗ ಮುಖ ಮುಚ್ಚಿತ್ತು. ಗುರುತಿನ ಚೀಟಿಯಲ್ಲಿ ಇದ್ದದ್ದು ಒಂದು ಕರಿಯ ಮಚ್ಚೆ. ಅದನ್ನು ದೊಡ್ಡದು ಮಾಡಿದರೆ ದೊಡ್ಡ ಮಚ್ಚೆಯಾಯಿತು.

"ಅವರ ಫೋನಿನಲ್ಲಿ?"

"ಫೋನು ಅವ್ರ್ ಜೊತ್ಗೇ ಹೋಯ್ತಲ್ಲವ್ವ. ಯಾವಾಗ್ಲೂ ಹಾಡ್ ಕೇಳೋರು ಅಂತ ಬೀಡಿಕಟ್ಟಿನ ಜೊತೆ ಜೇಬಲ್ಲಿ ಮಡಗಿ ಮಣ್ ಮಾಡುದ್ವಿ."

ಫೋನನ್ನು ಮಣ್ಣು ಮಾಡಿದರೇ! ನಾನು ಬಾಯಿ ಬಿಟ್ಟುಕೊಂಡು ಕೂತೆ. ಪುಟ್ಟಮ್ಮ ಅದರಲ್ಲಿ ಆಶ್ಚರ್ಯಪಡುವಂಥದ್ದೇನು ಎನ್ನುವಂತೆ ನನ್ನನ್ನೇ ನೋಡಿದರು. ಆಮೇಲೆ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ಉಗುರಿನಷ್ಟು ಸಣ್ಣದೊಂದು ಕರಿಯ ಚಿಪ್ಪು ತೆಗೆದರು.

"ಮಣ್ ಮಾಡೋಕ್ ಮುಂಚೆ ನೆಂಟ್ರ್ ಹುಡ್ಗಿ ಒಬ್ಳು ಫೋನಿಂದ ಇದ್ನ ಕಿತ್ಕೊಟ್ಳು, ಹಾಡವೆ ಇರ್ಲಿ ಅಂತ. ಆ ಪರಮೇಶಪ್ಪಂಗೂ ತೋರಿಸ್ದೆ. ಕಂಪ್ಯೂಟ್ರಿಗೆ ಹಾಕಿ ಏನೂ ಇಲ್ಲ, ಖಾಲಿ ಅಂದ್ರು. ತೊಳ್ದು ಹೊಸದ್ ಮಾಡ್ಕೊಡ್ಲಾ ಅಂದ್ರು. ಬ್ಯಾಡ ಅಂಗೇ ಕೊಡಪ್ಪ ಅಂದೆ. ಅವ್ರ್ ಮುಟ್ಟಿದ್ದಲ್ವ."

ಖಾಲಿ ಎಂದು ಪರಮೇಶ ಹೇಳಿದ ಮೇಲೆ ನನಗೂ ನಂಬಿಕೆ ಇರಲಿಲ್ಲ. ಅವರ ಸಮಾಧಾನಕ್ಕೆಂದು ಚಿಪ್ಪನ್ನು ಸೆರಗಿನಲ್ಲಿ ಒರೆಸಿ ನನ್ನ ಡಬ್ಬಕ್ಕೆ ಚುಚ್ಚಿದೆ. ಒಂದು ಕಿಟಕಿ ತೆರೆಯಿತು. ಅದರಲ್ಲಿ ಒಂದು ಕೆಲಸಕ್ಕೆ ಬಾರದ ಫೈಲು, ಅದರ ಪಕ್ಕದಲ್ಲಿ ಒಂದು ಫೋಲ್ಡರು. ಫೋಲ್ಡರಿಗೆ ಹೆಸರೇ ಇಲ್ಲ. ಹೆಸರಿರಬೇಕಾದ ಜಾಗ ಬೋಳು.

ಹೆಸರಿಲ್ಲದ ಫೋಲ್ಡರನ್ನು ನಾನು ಎಂದೂ ಕಂಡಿರಲಿಲ್ಲ. ಹೆದರುತ್ತಲೇ ಒತ್ತಿದೆ.

ಒಳಗೆ ಎಲ್ಲವೂ ಇತ್ತು. ಹಾಡುಗಳು, ವಿಡಿಯೊಗಳು, ಫೋಟೊಗಳು, ಒಂದೂ ಹೋಗಿರಲಿಲ್ಲ. ನಾನು ಎಷ್ಟು ಜೋರಾಗಿ ಕಿರುಚಿದೆ ಎಂದರೆ ಪಕ್ಕದ ಟೀ ಅಂಗಡಿಯವರು ಕರೆಂಟು ಹೊಡೆಯಿತು ಎಂದು ಒಣಕೋಲು ಹಿಡಿದು ಓಡಿ ಬಂದರು.

ಯಾಕೆ ಹಾಗಾಯಿತು ಎಂದು ಆಮೇಲೆ ಶೈಲಜಾ ಮೇಡಂ ಬಿಡಿಸಿ ಹೇಳಿದರು. ಆ ಚಿಪ್ಪಿಗೆ ಯಾವಾಗಲೋ ಒಂದು ವೈರಸ್ಸು ಹತ್ತಿತ್ತು. ಅದು ಏನನ್ನೂ ಅಳಿಸುವುದಿಲ್ಲ, ಇರುವುದನ್ನೆಲ್ಲ ಹೆಸರಿಲ್ಲದ ಫೋಲ್ಡರಿಗೆ ತುಂಬಿ "ಇದನ್ನು ತೋರಿಸಬೇಡ" ಎಂದು ಒಂದು ಗುರುತು ಹಾಕುತ್ತದೆ. ಪರಮೇಶನ ಸಿಸ್ಟಮ್ಮು ಆ ಗುರುತಿಗೆ ಮರ್ಯಾದೆ ಕೊಟ್ಟು ಕಣ್ಣು ಮುಚ್ಚಿಕೊಂಡಿತು. ನನ್ನ ಲಿನಕ್ಸಿಗೆ ಆ ಗುರುತಿನ ಹಂಗಿಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸಿತು. ವೈರಸ್ಸಿಗೂ ಇಲ್ಲಿ ಕೈಕಾಲು ಆಡುವುದಿಲ್ಲವಂತೆ. ಮೇಡಂ ಇನ್ನೊಂದು ಮಾತನ್ನೂ ಹೇಳಿದರು. ಆ ಚಿಪ್ಪನ್ನು ಯಾರದಾದರೂ ಫೋನಿಗೆ ಹಾಕಿ ನೋಡಿದ್ದರೂ ಕಾಣುತ್ತಿತ್ತಂತೆ, ಯಾಕೆಂದರೆ ನಮ್ಮ ಕೈಯಲ್ಲಿರುವ ಹೆಚ್ಚಿನ ಫೋನುಗಳ ಹೊಟ್ಟೆಯಲ್ಲಿರುವುದೂ ಲಿನಕ್ಸಿನ ದಾಯಾದಿಯೇ. ಖಾಲಿ ಎಂದು ಒಬ್ಬರು ಹೇಳಿದ ಮೇಲೆ ಇನ್ನೊಂದು ಸಲ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಫೋಟೊಗಳನ್ನು ಒಂದೊಂದಾಗಿ ತೆರೆದೆವು. ಎಲ್ಲ ಸೊಪ್ಪು. ಗಿಡದ ಮೇಲಿನ ಸೊಪ್ಪು, ಮುರಿದಿಟ್ಟ ಸೊಪ್ಪು, ಕಡ್ಡಿಗೆ ಕಟ್ಟಿದ ಸೊಪ್ಪು, ಚುಕ್ಕೆ ಬಿದ್ದ ಎಲೆ, ಹುಳ ತಿಂದ ಎಲೆ. ಗೊಬ್ಬರದಂಗಡಿಯವರಿಗೆ ತೋರಿಸಲು ತೆಗೆದಿದ್ದು ಎಂದು ಪುಟ್ಟಮ್ಮ ಹೇಳಿದರು. ಮನುಷ್ಯರ ಸುಳಿವೇ ಇಲ್ಲ. ಇಷ್ಟು ಬಂದು ಕೊನೆಗೂ ಬರೀ ಎಲೆಗಳೇ ಆಯಿತೇ ಎಂದುಕೊಂಡು ಮುಂದಿನದನ್ನು ಒತ್ತಿದೆ.

ಪರದೆಯ ತುಂಬ ಸ್ವಾಮಿಗೌಡರು!

ಎಲೆಯ ಫೋಟೊ ತೆಗೆಯಲು ಹೋಗಿ ಎಲ್ಲೋ ಬೆರಳು ತಗುಲಿ ಕ್ಯಾಮರಾ ಒಳಮುಖ ತಿರುಗಿದೆ. ಫೋನಿನಲ್ಲಿ ಎಲೆ ಕಾಣಬೇಕಾದ ಕಡೆ ತನ್ನದೇ ಮುಖ ಕಂಡು ಮನುಷ್ಯ ಹೌಹಾರಿದ್ದಾನೆ. ಆ ಹೌಹಾರಿದ ಗಳಿಗೆಯೇ ಫೋಟೊ ಆಗಿದೆ. ಕಣ್ಣು ಅಗಲವಾಗಿ ತೆರೆದು, ಹುಬ್ಬು ಹಣೆಗೇರಿ, ಬಾಯಿ ಅರ್ಧ ತೆರೆದು, ಕೆಳತುಟಿಗೆ ಅಂಟಿಕೊಂಡ ಬೀಡಿ ಇನ್ನೇನು ಬೀಳುವುದರಲ್ಲಿದೆ. ಹಿಂದೆ ಬ್ಯಾರನ್ನಿನ ಗೋಡೆ, ಮೇಲೆ ಬೆಳಗಿನ ಬಿಸಿಲು.

ಪುಟ್ಟಮ್ಮ ಸ್ಟೂಲಿನಿಂದ ಎದ್ದು ನಿಂತರು. ಜಾರಿದ್ದ ಸೆರಗನ್ನು ಸರಿಮಾಡಿಕೊಂಡು ತಲೆಯ ಮೇಲೆ ಎಳೆದುಕೊಂಡರು, ಗಂಡ ಒಳಗೆ ಬಂದಾಗ ಮಾಡುವ ಹಾಗೆ. ಆಮೇಲೆ ಅವರು ನಕ್ಕರು. ನಗುತ್ತ ನಗುತ್ತ ಅತ್ತರು.

"ಇದೇ ಕಣವ್ವ ಕಣ್ಣು. ಸೊಪ್ಪು ಕಪ್ಪಾದ್ರೆ ಇಂಗೇ ನೋಡೋರು. ಸಾರಿಗೆ ಉಪ್ಪು ಜಾಸ್ತಿಯಾದ್ರೂ ಇಂಗೇ ನೋಡೋರು."

ನಾನು ಕೂಡಲೇ ಕೆಲಸಕ್ಕೆ ಕೂತೆ. ಈ ಕಣ್ಣು ತೆಗೆದು ಕೋಟಿನ ಫೋಟೊಗೆ ಕೂರಿಸುತ್ತೇನೆ, ಸ್ವಲ್ಪ ಸಣ್ಣದು ಮಾಡಿದರೆ ಗಂಭೀರವಾಗಿ ಕಾಣುತ್ತದೆ ಎಂದೆ. ಪುಟ್ಟಮ್ಮ ನನ್ನ ಕೈ ಹಿಡಿದರು.

"ಆ ಸತ್ ಮಖ ಯಾಕವ್ವ? ಇದ್ನೇ ದೊಡ್ಡದ್ ಮಾಡ್ಕೊಡು."

"ಅಕ್ಕಾ, ಹಾರ ಹಾಕೋ ಫೋಟೊ ಇದು! ಬೆಚ್ಚಿಬಿದ್ದಂಗವ್ರೆ. ಬೀಡಿ ಬೇರೆ ಇದೆ. ಬೀಡಿನಾದ್ರೂ ಅಳಿಸಲಾ?"

"ಅಳಿಸ್ಬ್ಯಾಡ. ಎಂಗಿದ್ರೂ ಎಡೇಲಿ ಬೀಡಿ ಮಡಗ್ಬೇಕಲ್ಲ."

ಬೆಳಕು ಸ್ವಲ್ಪ ಸರಿಮಾಡಿದೆ, ಅಷ್ಟೇ. ಪ್ರಿಂಟರು ಹಟ ಮಾಡದೆ ಗರಗರ ಎಂದು ಆ ಮುಖವನ್ನು ಹಣೆಯಿಂದ ಗಲ್ಲದವರೆಗೆ ಹೊರಗೆ ತಳ್ಳಿತು. ನನ್ನ ಆ ಹಳೆಯ ಡಬ್ಬವನ್ನು, ಅದರೊಳಗಿನ ಕಾಣದ ಕೈಗಳ ಮುಯ್ಯಾಳಿನ ಕೆಲಸವನ್ನು ನೋಡುತ್ತ ನನಗೆ ಎಂಥ ತೃಪ್ತಿಯಾಯಿತು ಎಂದರೆ, ಎದ್ದು ಹೋಗಿ ಪರದೆಯ ಮೇಲಿನ ಧೂಳು ಒರೆಸಿದೆ. ಇವತ್ತಿಗೂ ನಾನು ಅದನ್ನೇ ಬಳಸುತ್ತಿದ್ದೇನೆ. ಡಬ್ಬ ಬದಲಾಗಿದೆ, ಅಂಗಡಿ ಬದಲಾಗಿದೆ, ಅದು ಬದಲಾಗಿಲ್ಲ. ಬದಲಾಯಿಸಬೇಕು ಅನ್ನಿಸಿಯೂ ಇಲ್ಲ. ಪರಮೇಶನಿಗೆ ಫೋನು ಮಾಡಿ ಸುದ್ದಿ ಹೇಳಿದೆ. "ಏನೋ ಅದೃಷ್ಟ ಬುಡಕ್ಕ," ಎಂದ. ಅವನೂ ಬದಲಾಗಿಲ್ಲ.

ಬಾವನ ಕಣ್ಣಿನ ಸುದ್ದಿ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ಮಾರನೆಯ ದಿನ ಕರೀಗೌಡರೇ ನನ್ನ ಅಂಗಡಿಯ ಮೆಟ್ಟಿಲ ಮುಂದೆ ನಿಂತಿದ್ದರು. ಎತ್ತರದ ಆಳು, ಹೆಗಲ ಮೇಲೆ ಟವಲ್ಲು. ಜಗಳಕ್ಕೇ ಬಂದರು ಎಂದುಕೊಂಡೆ.

"ಅದೇನೋ ಫೋಟೊ ಅದಂತಲ್ಲಮ್ಮ. ತೋರ್ಸು."

ಕೋಟಿನ ಫೋಟೊ ನನ್ನಲ್ಲೇ ಉಳಿದಿತ್ತು. ತೆಗೆದುಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ತಮ್ಮನ ಸತ್ತ ಮುಖದೊಳಗಿಂದ ಅವರದೇ ಕಣ್ಣು ಅವರನ್ನೇ ನೋಡುತ್ತಿತ್ತು. ಬೈಯುತ್ತಾರೆ, ಫೋಟೊ ಒಡೆಯುತ್ತಾರೆ ಎಂದು ನಾನು ಕಾದೆ. ಅವರು ಫೋಟೊವನ್ನು ಮೆಲ್ಲಗೆ ಬೋರಲು ಹಾಕಿದರು.

"ನನ್ನೇ ಮಣ್ ಮಾಡ್ದಂಗದೆ," ಎಂದರು. ಟವಲ್ಲಿನಲ್ಲಿ ಮುಖ ಒರೆಸಿಕೊಂಡು ಇಳಿದು ಹೋದರು.

ಅಮಾವಾಸ್ಯೆಯ ದಿನ ಪುಟ್ಟಮ್ಮ ನನ್ನನ್ನು ಊಟಕ್ಕೆ ಕರೆದಿದ್ದರು. ಸಂಜೆ ಕಟ್ಟು ಹಾಕಿಸಿದ ಫೋಟೊ ಹಿಡಿದು ಹೋದೆ. ನಡುಮನೆಯಲ್ಲಿ ಫೋಟೊ ಇಟ್ಟು, ಹಾರ ಹಾಕಿ, ದೀಪ ಹಚ್ಚಿ, ಬಾಳೆಯೆಲೆಯ ಮೇಲೆ ಮುದ್ದೆ, ಕೋಳಿ ಸಾರು, ವಡೆ, ಪಾಯಸ ಎಲ್ಲ ಬಡಿಸಿದರು. ಬೀಡಿಕಟ್ಟನ್ನು ಎಲೆಯ ತುದಿಗೆ ಇಟ್ಟರು. ಸ್ವಾಮಿಗೌಡರು ಹಾರದ ನಡುವಿಂದ ಆ ಊಟವನ್ನು ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದರು. ನಗು ತಡೆಯಲು ನಾನು ತುಟಿ ಕಚ್ಚಿಕೊಂಡೆ. ಆಮೇಲೆ ಪದ್ಧತಿಯಂತೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆವು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಮನೆಯ ಹಿರಿಯರೊಬ್ಬರು ಬಾಗಿಲು ತಟ್ಟಿ ತೆಗೆಯುತ್ತಾರೆ.

ಜಗಲಿಯ ಮೇಲೆ ಕೂತಿದ್ದೆವು. ಬ್ಯಾರನ್ನುಗಳ ವಾಸನೆ ಮನೆಯ ತನಕ ಬರುತ್ತಿತ್ತು. ಬೀದಿಯಲ್ಲಿ ಯಾರೋ ಬರುತ್ತಿರುವುದು ಕಂಡಿತು. ಎತ್ತರದ ಆಳು. ಕರೀಗೌಡರು ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತರು, ಮುಂದೆ ಬರಲಿಲ್ಲ. ಪುಟ್ಟಮ್ಮ ಎದ್ದು, ಸೆರಗು ಹೊದ್ದು, ಒಂದು ಚೊಂಬು ನೀರು ತಂದು ಅವರ ಕಾಲ ಹತ್ತಿರ ಇಟ್ಟರು.

"ಇರೋ ಹಿರೀಕ್ರು ನೀವೇ ಬಾವ. ನೀವೇ ಬಾಗ್ಲು ತೆಗೀರಿ."

ಕರೀಗೌಡರು ಕಾಲು ತೊಳೆದು ಮೇಲೆ ಬಂದರು. ಬಾಗಿಲನ್ನು ಮೆಲ್ಲಗೆ ತಟ್ಟಿದರು. ತಳ್ಳಿದರು. ದೀಪದ ಬೆಳಕಿನಲ್ಲಿ ಎದುರಿಗೇ ತಮ್ಮ. ಕಣ್ಣು ಅಗಲಿಸಿ, ಬಾಯಿ ಅರ್ಧ ತೆರೆದು, ಬಾಗಿಲಲ್ಲಿ ನಿಂತ ಅಣ್ಣನನ್ನೇ ನೋಡುತ್ತಿದ್ದಾನೆ. ಕರೀಗೌಡರು ಹೊಸ್ತಿಲ ಮೇಲೆ ಗಕ್ಕನೆ ನಿಂತರು.

"ನೀವ್ ಬಂದಿದ್ ಕಂಡು ಅವ್ರಿಗೇ ಗಾಬ್ರಿ ಆಗೋಗದೆ ಬಾವ," ಎಂದರು ಪುಟ್ಟಮ್ಮ ಹಿಂದಿನಿಂದ.

ಕರೀಗೌಡರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಯಾಕ್ಲಾ ಸ್ವಾಮಿ, ಅಂಗ್ ನೋಡ್ತಿದ್ದೀಯೆ?" ಎಂದರು. "ನಾನೇ ಕಣ್ಲಾ."

ಬ್ಯಾರನ್ನಿನ ಜಗಳವಾದ ಮೇಲೆ ಅವರು ತಮ್ಮನ ಜೊತೆ ಆಡಿದ ಮೊದಲ ಮಾತು ಅದು.